ಚೌಡಮ್ಮನ ಅವರೆ

ಈಶ್ವರಮ್ಮನ ಬೀಜ ಹುಟ್ಟಲಿಲ್ಲ ಎಂಬುದನ್ನು ಜಯನಗರದ ಪಾರ್ಕಿನಲ್ಲಿ ಮೈಕು ಹಿಡಿದು ಸಾರಿದರು. ಆಗಸ್ಟ್ ತಿಂಗಳ ಮೊದಲ ಭಾನುವಾರ, ಬೆಳಗಿನ ಹತ್ತು ಗಂಟೆ. ಈಶ್ವರಮ್ಮ ಆಗ ಕಾರಿನ ಡಿಕ್ಕಿಯಿಂದ ಎರೆಗೊಬ್ಬರದ ಮೂಟೆ ಇಳಿಸುತ್ತಿದ್ದಳು.

ಮೈಕು ಹಿಡಿದವಳು ಸರ್ವಮಂಗಳಾ. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ನಿವೃತ್ತಳಾದವಳು. ತಾರಸಿ, ಬಾಲ್ಕನಿ, ಕಾಂಪೌಂಡಿನ ಸಂದಿಗಳಲ್ಲಿ ತರಕಾರಿ ಬೆಳೆಯುವವರನ್ನೆಲ್ಲ ಕೂಡಿಸಿ ‘ಬೀಜ ಬಳಗ’ ಅಂತ ಗುಂಪು ಕಟ್ಟಿದ್ದಳು. ತಿಂಗಳಿಗೊಮ್ಮೆ ಸೇರುವುದು, ಜೂನ್ ತಿಂಗಳಲ್ಲಿ ದೊಡ್ಡದಾಗಿ ಬೀಜ ಸಂತೆ ನಡೆಸುವುದು. ಸಂತೆ ಎಂದರೆ ಮಾರಾಟವಿಲ್ಲ. ಒಬ್ಬರು ಬೆಂಡೆ ಬೀಜ ಕೊಟ್ಟರೆ ಇನ್ನೊಬ್ಬರು ಬಸಳೆ ಕಡ್ಡಿ ಕೊಡುವುದು, ಅಷ್ಟೇ.

"ಜೂನ್‌ನಲ್ಲಿ ಚಪ್ಪರದವರೆ ಅಂತ ಒಂದು ವೆರೈಟಿ ಹಂಚಿದ್ವಿ, ನೆನಪಿದೆಯಾ?" ಎಂದಳು ಸರ್ವಮಂಗಳಾ. "ನಮ್ಮ ಅರ್ಪಿತ ಅವರ ಮನೆ ಕೆಲಸದೋರು ಕೊಟ್ಟಿದ್ದು. ಹನ್ನೊಂದು ಜನ ತಗೊಂಡು ಹೋಗಿದ್ರಿ. ಹನ್ನೊಂದು ಮನೇಲೂ ಒಂದೂ ಹುಟ್ಟಿಲ್ಲ. ಜೀರೋ. ಅವರ ಮೇಲೆ ಬೇಜಾರೇನಿಲ್ಲ, ಪಾಪ, ಅವರಿಗೆ ಗೊತ್ತಾಗಲ್ಲ. ಆದ್ರೆ ಇನ್ಮೇಲೆ ಬೀಜ ಸೇವ್ ಮಾಡೋದು ಗೊತ್ತಿರೋರ ಹತ್ರ ಮಾತ್ರ ತಗೊಳ್ಳೋಣ. ಒಂದು ಸೀಸನ್ನೇ ವೇಸ್ಟ್ ಆಯ್ತು ನಮಗೆ."

ಇಬ್ಬರು ಮೂವರು ನಕ್ಕರು. ಮಿಕ್ಕವರು ಪಾಪ ಎಂಬ ಮಾತಿಗೆ ತಲೆಯಾಡಿಸಿದರು. ಅರ್ಪಿತ ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಕೂತು ಮೊಬೈಲು ನೋಡುತ್ತಿದ್ದಳು. ತಲೆ ಎತ್ತಲಿಲ್ಲ.

ಈಶ್ವರಮ್ಮನ ಕೈಯಿಂದ ಮೂಟೆ ಜಾರಿ ಕಾಲಿನ ಮೇಲೆ ಬಿತ್ತು. ನೋವು ಗೊತ್ತಾಗಲಿಲ್ಲ. ಹನ್ನೊಂದು ಮನೆಯಲ್ಲೂ ಇಲ್ಲ. ಹಾಗಾದರೆ ಎಲ್ಲೂ ಇಲ್ಲ.

ಗೊತ್ತಾಗಲ್ಲವಂತೆ. ಚೌಡಮ್ಮನ ಮಗಳಿಗೆ ಬೀಜ ಗೊತ್ತಾಗಲ್ಲವಂತೆ!

ಚೌಡಮ್ಮ ಯಾರು ಅಂತ ಪಾರ್ಕಿನ ಮಂದಿಗೆ ಹೇಗೆ ಗೊತ್ತಿರಬೇಕು? ತಲಘಟ್ಟಪುರದ ಕೇರಿಯವಳು. ಊರಿನ ಬೈರಣ್ಣನ ಹೊಲದಲ್ಲಿ ನಲವತ್ತು ವರ್ಷ ಬೆನ್ನು ಬಗ್ಗಿಸಿದವಳು. ರಾಗಿ, ಅವರೆ, ಹುಚ್ಚೆಳ್ಳು, ಹರಳು, ಯಾವುದೇ ಇರಲಿ, ಆ ಮನೆಯ ಬೀಜವೆಲ್ಲ ಚೌಡಮ್ಮನ ಸುಪರ್ದು. ನಿಂತ ಬೆಳೆಯಲ್ಲೇ ಒಳ್ಳೆಯ ಗಿಡ ನೋಡಿ ಬಟ್ಟೆಯ ಚೂರು ಕಟ್ಟುತ್ತಿದ್ದಳು. ಅದನ್ನು ಮಾತ್ರ ಬೇರೆ ಕುಯ್ದು, ಒಣಗಿಸಿ, ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ, ಒಣಗಿದ ಸೋರೆ ಬುರುಡೆಯಲ್ಲಿ ತುಂಬಿ ಬಾಯಿಗೆ ಸಗಣಿ ಮೆತ್ತುತ್ತಿದ್ದಳು. ಬುರುಡೆಗಳು ಇರುತ್ತಿದ್ದುದು ಕೇರಿಯಲ್ಲಿ, ಅವಳ ಗುಡಿಸಲಿನ ಅಟ್ಟದ ಮೇಲೆ. ಬಿತ್ತನೆಯ ದಿನ ಅಲ್ಲಿಂದ ನೇರ ಹೊಲಕ್ಕೆ. ಬೈರಣ್ಣನ ಮನೆಯ ಹೊಸ್ತಿಲನ್ನು ಅವು ಒಂದು ದಿನವೂ ದಾಟಲಿಲ್ಲ. ಹೊಲಕ್ಕೆ ಹೋಗುವ ಬೀಜ ಹೊಲೆಯರ ಕೈಯಲ್ಲಿದ್ದರೆ ಊರಿಗೆ ಅಡ್ಡಿಯಿರಲಿಲ್ಲ. ಮನೆಯೊಳಕ್ಕೆ ಬರುವ ಕಾಳಿಗೆ ಮಾತ್ರ ಮೈಲಿಗೆ. ಎಂಥ ಅನುಕೂಲದ ಧರ್ಮ ನೋಡಿ.

ಹೊಲದ ಬೀಜವೆಲ್ಲ ಬೈರಣ್ಣನದು. ಒಂದು ಚಪ್ಪರದವರೆ ಮಾತ್ರ ಚೌಡಮ್ಮನದು. ಗುಡಿಸಲಿನ ಹಿಂದೆ ಬೆಳೆದುಕೊಂಡಿದ್ದು, ಅವಳಿಗೆ ಅವಳ ಅವ್ವ ಕೊಟ್ಟಿದ್ದು. ಬಳ್ಳಿಗೆ ನೇರಳೆ ಹೂ, ಕಾಯಿಗೆ ಕೆಂಪು ಅಂಚು, ಒಳಗೆ ಕಪ್ಪು ಬೀಜ, ಬೀಜದ ಬೆನ್ನಿಗೆ ಒಂದು ಬಿಳಿ ಗೆರೆ. ಸೊಗಡು ಎಷ್ಟೆಂದರೆ, ಒಂದು ಮನೆಯಲ್ಲಿ ಬೇಯಿಸಿದರೆ ಕೇರಿಗೆಲ್ಲ ಹಸಿವಾಗುತ್ತಿತ್ತು.

ಅದಕ್ಕೊಂದು ಪದ್ಧತಿ ಇತ್ತು. ಮೂರು ವರ್ಷ ಒಂದೇ ಮಣ್ಣಿನಲ್ಲಿ ಹಾಕಿದ ಬೀಜಕ್ಕೆ ಬೇಸರ ಬರುತ್ತದೆ ಎಂದು ಕೇರಿಯವರು ನಂಬಿದ್ದರು. ನಾಲ್ಕನೆಯ ವರ್ಷ ಬೀಜ ಮನೆ ಬದಲಿಸಬೇಕು. ಇನ್ನೊಂದು ಮನೆಗೆ ಕೊಟ್ಟು, ಅವರು ಬೆಳೆದ ಮೇಲೆ ಅವರಿಂದ ಹೊಸ ಬೀಜ ಈಸಿಕೊಳ್ಳಬೇಕು. ಕೊಡುವಾಗ ಪೂರ್ತಿ ಕೊಡಬೇಕು. ಒಂದು ಕಾಳು ಹಿಂದೆ ಇಟ್ಟುಕೊಂಡರೂ ಆ ಮನೆಯವರನ್ನು ನಂಬಲಿಲ್ಲ ಎಂದಂತೆ. ಕೇರಿಯಲ್ಲಿ ಇಪ್ಪತ್ತೆಂಟು ಮನೆ, ಎಲ್ಲರ ಹಿತ್ತಲಿಗೂ ಚಪ್ಪರ. ಒಬ್ಬರಲ್ಲಿ ಕೆಟ್ಟರೆ ಇನ್ನೊಬ್ಬರಲ್ಲಿ ಇದ್ದೇ ಇರುತ್ತಿತ್ತು. ಯಾರಿಗೂ ಭಯವಿರಲಿಲ್ಲ.

ಈಶ್ವರಮ್ಮ ಮದುವೆಯಾಗಿ ತಿಲಕ್ ನಗರಕ್ಕೆ ಬಂದಳು. ಗಂಡ ಪಿಳ್ಳಣ್ಣ ಗಾರೆ ಕೆಲಸದವನು, ಸತ್ತು ಒಂಬತ್ತು ವರ್ಷವಾಯಿತು. ಅವ್ವ ಚೌಡಮ್ಮ ಸಾಯುವ ಮುಂಚೆ ಚಪ್ಪರದವರೆಯ ಸೋರೆ ಬುರುಡೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು ಮಗಳ ಮಡಿಲಿಗೆ ಹಾಕಿ ಹೋದಳು. ಅವಳ ಮನೆಯಿದ್ದ ಸ್ಲಂ ಬೋರ್ಡ್ ಕ್ವಾರ್ಟರ್ಸಿನ ಮೂರನೆಯ ಮಹಡಿಯ ಮೇಲಿನ ತಾರಸಿ. ಯಾರೋ ಮನೆ ಕಟ್ಟಲು ಪಾಯ ತೆಗೆದ ಕಡೆಯಿಂದ ಕೆಮ್ಮಣ್ಣನ್ನು ಬಾಂಡಲಿಯಲ್ಲಿ ಹೊತ್ತು, ಅರವತ್ತೆರಡು ಮೆಟ್ಟಿಲು ಹತ್ತಿಸಿ, ಪೇಂಟಿನ ಡಬ್ಬಗಳಿಗೆ ತುಂಬಿದವಳು ಈಶ್ವರಮ್ಮ. ಬಳ್ಳಿ ನೀರಿನ ಟ್ಯಾಂಕಿನ ಪೈಪು ಹಿಡಿದು, ಕೇಬಲ್ ವೈರು ಹಿಡಿದು ಹಬ್ಬುತ್ತಿತ್ತು. ಬೀಜ ಮನೆ ಬದಲಿಸುವ ವರ್ಷ ಪಕ್ಕದ ಬ್ಲಾಕಿನ ಒಬ್ಬ ಅಜ್ಜಿ ಇದ್ದಳು, ಅವಳ ಡಬ್ಬದಲ್ಲಿ ಬೆಳೆಯುತ್ತಿತ್ತು. ಎರಡು ವರ್ಷದ ಹಿಂದೆ ಆ ಅಜ್ಜಿ ತೀರಿಕೊಂಡಳು. ಮಕ್ಕಳು ಡಬ್ಬಗಳನ್ನು ಗುಜರಿಗೆ ಹಾಕಿದರು.

ಈ ಸಲದ ಜೂನ್ ಹೊತ್ತಿಗೆ ನಾಲ್ಕನೆಯ ವರ್ಷ ಬಂದಿತ್ತು. ಕೊಡಲು ಮನೆಯೇ ಇಲ್ಲ.

ಈಶ್ವರಮ್ಮ ಕೆಲಸಕ್ಕೆ ಹೋಗುತ್ತಿದ್ದುದು ಪದ್ಮನಾಭನಗರದ ಒಂದು ನಾಲ್ಕಂತಸ್ತಿನ ಮನೆಗೆ. ಅದು ಅದೇ ಬೈರಣ್ಣನ ಮನೆ. ತಲಘಟ್ಟಪುರದ ಹೊಲವೆಲ್ಲ ಅಪಾರ್ಟ್‌ಮೆಂಟಾಗಿ, ಬೈರಣ್ಣ ಫೋಟೋ ಆಗಿ, ಹೆಂಡತಿ ಲಕ್ಷ್ಮಿದೇವಮ್ಮ ಮಂಡಿನೋವಿನ ಮುದುಕಿಯಾಗಿದ್ದಳು. ಮಗ ಶಿವರಾಮ್‌ಗೆ ಟೈಲ್ಸ್ ಅಂಗಡಿ. ಸೊಸೆ ಅರ್ಪಿತ. ಅವ್ವ ದುಡಿದ ಮನೆಯಲ್ಲೇ ಮಗಳೂ ಆರು ವರ್ಷದಿಂದ ದುಡಿಯುತ್ತಿದ್ದಳು. ಕಸ, ಪಾತ್ರೆ, ಲಕ್ಷ್ಮಿದೇವಮ್ಮನ ಕಾಲಿಗೆ ಎಣ್ಣೆ, ಅವಳ ಸ್ನಾನ, ಆಮೇಲೆ ಮೇಲಿನ ತಾರಸಿಯ ಕೈತೋಟ. ಮಣ್ಣು ಕಲೆಸುವುದು, ಗೊಬ್ಬರ ಹೊರುವುದು, ಹುಳ ಆರಿಸುವುದು ಈಶ್ವರಮ್ಮ. ಟೊಮೇಟೊ ಹಿಡಿದು ಫೋಟೋ ತೆಗೆಸಿಕೊಳ್ಳುವುದು ಅರ್ಪಿತ.

ಆದರೂ ಈಶ್ವರಮ್ಮನಿಗೆ ಅರ್ಪಿತಳ ಮೇಲೆ ಅಕ್ಕರೆಯಿತ್ತು. ಮಣ್ಣೆಂದರೆ ಅಸಹ್ಯ ಪಡದ ಹುಡುಗಿ. ನೀವು ಎಂದು ಮಾತಾಡಿಸುವ ಹುಡುಗಿ. ಕೊಡುವುದಾದರೆ ಇವಳಿಗೇ ಕೊಡಬೇಕು ಅಂದುಕೊಂಡಳು.

"ಒಂದು ಹಿಡಿ ಮನೇಲಿ ಇಟ್ಕೊಳಮ್ಮ," ಎಂದಳು ಮಗಳು ಲತಾಮಣಿ. ಅವಳು ಲ್ಯಾಬೊಂದರ ಪರವಾಗಿ ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತರುವವಳು, ಜನರನ್ನು ಕಂಡವಳು. "ಅವರನ್ನ ಅಷ್ಟು ನಂಬಬೇಡ."

"ಕದ್ದಿಟ್ಟು ಕೊಡೋದು ಕೊಟ್ಟಂಗಲ್ಲ ಕಣೆ. ನಮ್ಮವ್ವ ಯಾವತ್ತೂ ಹಂಗೆ ಕೊಡ್ಲಿಲ್ಲ."

ಬುರುಡೆ ಬಗ್ಗಿಸಿದರೆ ಎರಡು ಬೊಗಸೆ ಬೀಜ. ಎಲ್ಲವನ್ನೂ ಒಯ್ದಳು. ಅರ್ಪಿತ ಕುಣಿದಾಡಿಬಿಟ್ಟಳು.

"ಅಯ್ಯೋ ಈಶ್ವರಮ್ಮ, ಸಖತ್ತಾಗಿದೆ! ಇಂಥ ಅವರೆ ನಾನು ನೋಡೇ ಇಲ್ಲ. ಗ್ರೂಪಲ್ಲಿ ಎಲ್ರೂ ಹುಚ್ಚು ಹಿಡ್ಕೊಂಡು ಬರ್ತಾರೆ ನೋಡಿ."

"ಹಂಚಿ, ಅರ್ಪಿತಮ್ಮ. ನನಗೆ ಬೇರೇನೂ ಬೇಡ. ಸಂಕ್ರಾಂತಿ ಹೊತ್ತಿಗೆ ಬೀಜ ಬಲಿಯುತ್ತೆ. ಒಂದು ಬೊಗಸೆ ವಾಪಸ್ ಕೊಡಿ, ಸಾಕು. ನಾನು ಒಂದೂ ಇಟ್ಕೊಂಡಿಲ್ಲ."

"ಪ್ರಾಮಿಸ್," ಎಂದು ಅರ್ಪಿತ ಅವಳ ಕೈ ಹಿಡಿದು ಕುಲುಕಿದಳು.

ವಾರದ ಮೇಲೆ ಸಂತೆ ನಡೆಯಿತು. ಈಶ್ವರಮ್ಮನನ್ನು ಕರೆಯಲಿಲ್ಲ. ಅರ್ಪಿತಳೇ ಪೊಟ್ಟಣ ಕಟ್ಟಿ ಒಯ್ದಳು. ಉಳಿದ ಇಪ್ಪತ್ತು ಬೀಜಗಳನ್ನು ತನ್ನ ತಾರಸಿಯ ಕುಂಡಗಳಲ್ಲಿ ತಾನೇ ಊರಿದಳು, ವಿಡಿಯೋಗೆ. ಮರುದಿನದಿಂದ ನೀರು ಹಾಕಿದವಳು ಈಶ್ವರಮ್ಮ. ಅವರೆ ನಾಲ್ಕನೆಯ ದಿನಕ್ಕೆ ಮಣ್ಣು ಬಿರಿಯುತ್ತದೆ, ಐದಕ್ಕೆ ಕತ್ತು ಎತ್ತುತ್ತದೆ. ನಾಲ್ಕು ಕಳೆಯಿತು, ಐದು ಕಳೆಯಿತು, ಎಂಟು ಕಳೆಯಿತು. ಹದಿನೈದನೆಯ ದಿನ ಬೆರಳು ಹಾಕಿ ಕೆದಕಿದರೆ ಕೊಳೆತು ಲೋಳೆಯಾದ ಸಿಪ್ಪೆ. ನೀರು ಜಾಸ್ತಿ ಹಾಕಿಬಿಟ್ಟೆನಾ? ಬೂದಿ ಹಸಿಯಿತ್ತಾ? ಬುರುಡೆಯ ಬಾಯಿ ಸರಿಯಾಗಿ ಮುಚ್ಚಿರಲಿಲ್ಲವಾ? ರಾತ್ರಿ ಹಗಲು ತನ್ನ ಕೈಯನ್ನೇ ಬೈದುಕೊಂಡಳು. ಇಲ್ಲಿ ಹೋದರೇನು, ಹನ್ನೊಂದು ಮನೆಯಲ್ಲಿದೆಯಲ್ಲ ಎಂದು ಆಗಸ್ಟ್‌ವರೆಗೆ ಜೀವ ಹಿಡಿದುಕೊಂಡಿದ್ದಳು. ಈಗ ಮೈಕಿನಲ್ಲಿ ಅದೂ ಹೋಯಿತು.

ಸಭೆ ಮುಗಿದ ಮೇಲೆ ಬಿಟಿಎಂ ಕಡೆಯ ಒಬ್ಬ ಹೆಂಗಸು ಒಂದು ಪೊಟ್ಟಣ ತಂದು ಈಶ್ವರಮ್ಮನ ಕೈಗಿಟ್ಟಳು.

"ಆಂಟಿ, ಇದು ನಿಮ್ದಂತಲ್ಲ. ನಾನು ಎಂಟು ಹಾಕಿ ನೋಡ್ದೆ, ಬರ್ಲಿಲ್ಲ. ಮಿಕ್ಕಿದ್ದು ಇದೆ, ತಗೊಳ್ಳಿ."

ಈಶ್ವರಮ್ಮ ಗಬಕ್ಕನೆ ಪೊಟ್ಟಣ ಬಿಚ್ಚಿದಳು. ಏಳು ಬೀಜ. ಇವು ಅವಳು ಕೊಟ್ಟ ಬೀಜಗಳೇ ಅಲ್ಲ. ಅಲ್ಲ, ಅವೇ. ಬಿಳಿ ಗೆರೆ ಅದೇ. ಆದರೆ ಮಿರಮಿರ ಮಿಂಚುತ್ತಿದ್ದ ಸಿಪ್ಪೆ ಸುಕ್ಕುಗಟ್ಟಿತ್ತು, ಅಲ್ಲಲ್ಲಿ ಸೀಳಿತ್ತು. ಬೂದಿಯ ಒಂದು ಕಣವೂ ಇರಲಿಲ್ಲ. ಒಂದನ್ನು ಬಾಯಿಗೆ ಹಾಕಿ ದವಡೆಯಲ್ಲಿ ಕಚ್ಚಿದಳು. ಒಣಬೀಜ ಕಟಕ್ಕೆನ್ನಬೇಕು. ಇದು ಪುಡಿಪುಡಿಯಾಯಿತು. ನಾಲಗೆಗೆ ಬೇಳೆಯ ರುಚಿ ಹತ್ತಿತು.

ಬೆಂದಿತ್ತು.

ನೆನೆದು, ಬೆಂದು, ಮತ್ತೆ ಬಿಸಿಲಲ್ಲಿ ಒಣಗಿದ ಬೀಜ. ಅರವತ್ತು ವರ್ಷ ಬೀಜ ನೋಡಿದ ಮನೆತನಕ್ಕೆ ಅಷ್ಟು ತಿಳಿಯದೇ?

ವಾಪಸ್ ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಖಾಲಿ ಚೀಲಗಳ ಜೊತೆ ಕೂತು ಅವಳು ಪೊಟ್ಟಣವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಯಾವತ್ತೂ ಬಾಯಿ ಮುಚ್ಚದ ಅರ್ಪಿತ ಆ ದಿನ ರೇಡಿಯೋ ಹಾಕಿಕೊಂಡಳು. ಮನೆಗೆ ಬರುವಷ್ಟರಲ್ಲಿ ಲಕ್ಷ್ಮಿದೇವಮ್ಮನ ಸ್ನಾನದ ಹೊತ್ತಾಗಿತ್ತು.

ಮುದುಕಿಯನ್ನು ರಟ್ಟೆ ಹಿಡಿದು ಎಬ್ಬಿಸಿ, ಬಚ್ಚಲುಮನೆಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿ, ಬೆನ್ನಿಗೆ ಸೋಪು ಹಚ್ಚಿ ತಿಕ್ಕುತ್ತ ಈಶ್ವರಮ್ಮ ಕೇಳಿದಳು.

"ಅವ್ವಾ, ನಾನು ತಂದಿದ್ನಲ್ಲ ಆ ಅವರೆ ಬೀಜ, ಅದಕ್ಕೆ ಯಾರಾದ್ರೂ ಏನಾದ್ರೂ ಮಾಡಿದ್ರಾ?"

"ಏನ್ ಮಾಡ್ತಾರೆ? ತೊಳ್ದೆ."

"ತೊಳೆದ್ರಾ?"

"ಇನ್ನೇನು ಮತ್ತೆ? ಆ ಪುಣ್ಯಾತಗಿತ್ತಿ ಅರ್ಪಿತ ತಗೊಂಡೋಗಿ ದೇವ್ರ ಮನೆ ಗೋಡೆ ಪಕ್ಕದ ಶೆಲ್ಫಲ್ಲಿ ಇಟ್ಟವ್ಳೆ. ನಿಮ್ಮ ಕಡೇದು ಬೂದಿ ಗೀದಿ ಬಳ್ಕೊಂಡು. ಒಂದು ಪಾತ್ರೆ ನೀರು ಕುದಿಸಿ ಸುರಿದು, ಅರಿಶಿನ ಹಾಕಿ ತೊಳ್ದು ಬಿಸಿಲಿಗೆ ಹಾಕ್ದೆ. ಕೂತ್ಕೊಂಡೇ ಮಾಡ್ದೆ, ಮಂಡಿ ನೋವಲ್ಲಿ."

"ಆ ಶೆಲ್ಫಲ್ಲಿ ಬೇರೆಯವರು ಕೊಟ್ಟ ಬೀಜ ಐವತ್ತು ಡಬ್ಬ ಅವೆ. ಅವನ್ನೂ ತೊಳೆದ್ರಾ?"

"ಅವನ್ನ ಯಾಕೆ ತೊಳೀಲಿ?"

ಈಶ್ವರಮ್ಮನ ಕೈ ಮುದುಕಿಯ ಬೆನ್ನಿನ ಮೇಲೆ ನಿಂತಿತು.

"ಕುದಿಯೋ ನೀರು ಸುರಿದ್ರೆ ಬೀಜ ಸಾಯುತ್ತೆ ಅವ್ವಾ. ಇಪ್ಪತ್ತು ಎಕರೆ ಬೇಸಾಯದ ಮನೆ ನಿಮ್ದು. ಅಷ್ಟೂ ಗೊತ್ತಿಲ್ವಾ?"

"ಬೀಜದ ವಿಚಾರ ನಂಗೇನು ಗೊತ್ತು?" ಎಂದಳು ಲಕ್ಷ್ಮಿದೇವಮ್ಮ, ನಿಜವಾಗಿಯೂ ಆಶ್ಚರ್ಯಪಟ್ಟು. "ಅದೆಲ್ಲ ನಿಮ್ಮವ್ವ ನೋಡ್ಕೋತಿದ್ಲು."

ನಲವತ್ತು ವರ್ಷ ಆ ಬೀಜದಿಂದ ಬೆಳೆದ ಅನ್ನ ತಿಂದ ಹೆಂಗಸು. ಒಂದು ಬೀಜ ಕೈಯಲ್ಲಿ ಹಿಡಿದು ಮಣ್ಣಿಗೆ ಹಾಕಿದವಳಲ್ಲ. ಹೊಲ ಇದ್ದಷ್ಟು ದಿನ ಬೀಜ ಹೊರಗಿತ್ತು, ಬದುಕಿತ್ತು. ಹೊಲ ಮಾರಿ ತಿಂದ ಮೇಲೆ ಬೀಜ ಮನೆಯೊಳಕ್ಕೆ ಬರಬೇಕಾಯಿತು. ಬಂದಿದ್ದಕ್ಕೆ ಸತ್ತಿತು.

"ಹಿಂದೆ ಸರ್ಕೋ, ತಣ್ಣಗಾಗ್ತಿದೆ," ಎಂದಳು ಲಕ್ಷ್ಮಿದೇವಮ್ಮ. "ಚೊಂಬು ಕೊಡು. ಕೊನೇದು ನಾನೇ ಹಾಕ್ಕೋತೀನಿ."

ದಿನವೂ ಹೀಗೇ ಹೇಳುತ್ತಿದ್ದಳು. ಆರು ವರ್ಷದಿಂದ, ಸ್ನಾನ ಮುಗಿಯುವ ಹೊತ್ತಿಗೆ, ಈಶ್ವರಮ್ಮನನ್ನು ಹಿಂದೆ ಸರಿಸಿ ಕೊನೆಯ ಚೊಂಬು ನೀರನ್ನು ಮುದುಕಿ ತಾನೇ ತಲೆಯಿಂದ ಸುರಿದುಕೊಳ್ಳುತ್ತಿದ್ದಳು. ಕೈ ನಡುಗಿ ಅರ್ಧ ನೀರು ಹೊರಗೆ ಚೆಲ್ಲುತ್ತಿತ್ತು. ಪಾಪ, ಏನೂ ಮಾಡಿಕೊಳ್ಳಲಾಗದ ಮುದುಕಿ, ಇದೊಂದಾದರೂ ನಾನೇ ಮಾಡಿಕೊಳ್ಳಬೇಕೆಂಬ ಛಲ ಅಂತ ಈಶ್ವರಮ್ಮ ತಿಳಿದಿದ್ದಳು. ಎಷ್ಟೋ ಸಲ ಅದನ್ನು ನೋಡಿ ಕರುಳು ಚುರ್ರೆಂದಿತ್ತು. ಆ ಚೊಂಬು ಯಾವುದನ್ನು ತೊಳೆದುಕೊಳ್ಳಲು ಎಂಬುದು ಈಗ ತಿಳಿಯಿತು.



ಚೊಂಬನ್ನು ನೆಲಕ್ಕಿಟ್ಟಳು. ಸೋಪಿನ ಕೈಯನ್ನು ಸೀರೆಗೆ ಒರೆಸಿಕೊಂಡಳು. ಹೊರಗೆ ಬಂದಳು.

ಅರ್ಪಿತ ಎದುರು ಬಂದಳು. "ಈಶ್ವರಮ್ಮ, ಅತ್ತೆ ಮೈ ಮೇಲೆ ಸೋಪು ಹಂಗೇ ಇದೆ!"

"ಕೊನೇ ಚೊಂಬು ಅವರೇ ಹಾಕ್ಕೋತಿದ್ರು. ಇನ್ಮೇಲೆ ಎಲ್ಲಾ ಚೊಂಬೂ ಅವರೇ ಹಾಕ್ಕೊಳ್ಳಲಿ. ಇಲ್ಲಾಂದ್ರೆ ನೀವು ಹಾಕಿ. ನಾನು ಈ ಮನೇಲಿ ಇನ್ನೊಂದು ಕೆಲ್ಸ ಮುಟ್ಟಲ್ಲ."

"ಏನಾಯ್ತು ಈಗ?"

"ಬೀಜ ಬೇಯ್ಸಿದ್ದು ನಿಮಗೆ ಗೊತ್ತಿತ್ತಾ ಇಲ್ವಾ? ಅಷ್ಟು ಹೇಳಿ."

ಅರ್ಪಿತಳ ಮುಖ ಕೆಂಪೇರಿತು. ಕಣ್ಣಲ್ಲಿ ನೀರೂ ಬಂತು. ಬರಲಿ, ಆ ನೀರಿನಿಂದ ಏನು ಹುಟ್ಟಬೇಕಾಗಿದೆ?

"ನೀವು ರಜಾ ಹಾಕಿದ್ದ ದಿನ ಬಾಲ್ಕನೀಲಿ ಒಣಗ್ತಿದ್ದಾಗ ನೋಡ್ದೆ. ಬರೀ ತೊಳ್ದಿದಾರೆ ಅನ್ಕೊಂಡೆ. ಕುದಿಯೋ ನೀರು ಅಂತ ಆಮೇಲೆ ಗೊತ್ತಾಯ್ತು, ಹಂಚಾಗಿತ್ತು. ಹೇಳ್ಬೇಕು ಅನ್ಕೊಂಡೆ ಈಶ್ವರಮ್ಮ, ನಿಜ್ವಾಗ್ಲೂ. ಆದ್ರೆ ಅಷ್ಟು ಜನದ ಮುಂದೆ ಏನಂತ ಹೇಳೋದು? ನಮ್ಮತ್ತೆ ಮರ್ಯಾದೆ ಏನಾಗುತ್ತೆ? ಅವರು ಹಳೇ ಕಾಲದೋರು..."

"ನಿಮ್ಮತ್ತೆ ಮರ್ಯಾದೆಗೆ ನಮ್ಮವ್ವನ ಹೆಸ್ರು ಕೊಟ್ರಾ? ಬೆಳಿಗ್ಗೆ ಮೈಕಲ್ಲಿ ನಂಗೆ ಗೊತ್ತಾಗಲ್ಲ ಅಂದಾಗ ನೀವು ಮುಂದೇನೇ ಕೂತಿದ್ರಿ."

"ನಮ್ಮ ಶೆಲ್ಫಲ್ಲಿ ಎಷ್ಟೊಂದು ಅವರೆ ಇದೆ. ಯಾವ್ದು ಬೇಕಾದ್ರೂ ತಗೊಂಡು ಹೋಗಿ."

ಬಚ್ಚಲುಮನೆಯಿಂದ ಮುದುಕಿ, "ಈಶ್ವರೀ, ಏ ಈಶ್ವರೀ," ಎಂದು ಕೂಗುತ್ತಲೇ ಇದ್ದಳು. ಈಶ್ವರಮ್ಮ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದಳು.

ಲತಾಮಣಿ ಸಿಟ್ಟಿನಿಂದ ಕುದಿದಳು. ಕಂಪ್ಲೇಂಟ್ ಕೊಡೋಣ ಎಂದಳು. "ಅವರೆ ಬೇಯ್ಸಿದ್ರು ಅಂತ ಯಾವ ಸ್ಟೇಷನ್ನಲ್ಲಿ ಬರ್ಕೋತಾರೆ ಮಗಾ?" ಎಂದಳು ಈಶ್ವರಮ್ಮ. "ಅದು ಬೇಡ. ನನ್ನ ತಲಘಟ್ಟಪುರಕ್ಕೆ ಕರ್ಕೊಂಡೋಗು. ಕೇರೀಲಿ ಯಾರ ಹತ್ರಾನಾದ್ರೂ ಇರುತ್ತೆ. ಇದ್ದೇ ಇರುತ್ತೆ."

ಮುಂದಿನ ಭಾನುವಾರ ಮಗಳ ಸ್ಕೂಟರಿನ ಹಿಂದೆ ಕೂತು ಕನಕಪುರ ರಸ್ತೆ ಹಿಡಿದಳು. ಇಪ್ಪತ್ತೆಂಟು ಮನೆಯ ಕೇರಿಯಲ್ಲಿ ಒಂಬತ್ತು ಉಳಿದಿದ್ದವು. ಎಲ್ಲ ಸಿಮೆಂಟಿನವು, ಗೋಡೆಗೆ ಗೋಡೆ ಅಂಟಿದ್ದವು. ಹಿತ್ತಲಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟಿನ ಕಾಂಪೌಂಡು ಎದ್ದಿತ್ತು. ಚಿಕ್ಕಪ್ಪನ ಮಗ ಸಂಜೀವಯ್ಯ ಆ ಅಪಾರ್ಟ್‌ಮೆಂಟಿನಲ್ಲೇ ಸೆಕ್ಯುರಿಟಿ. ಯೂನಿಫಾರ್ಮಿನಲ್ಲೇ ಬಂದ.

"ದೊಡ್ಡವ್ವನ ಅವರೇನಾ ಅಕ್ಕ? ಆ ಸೊಗಡು ಈಗಲೂ ನಾಲಗೇಲಿ ಐತೆ. ಬೀಜ ಎಲ್ಲಿಂದ ತರ್ಲಿ? ಒಂದು ಕುಂಡ ಇಡೋಕೆ ಜಾಗ ಇಲ್ಲ ನಮಗೆ. ಎಲ್ರೂ ನಿನ್ನ ಹತ್ರ ಐತಲ್ಲ ಅಂತ ಸುಮ್ನಿದ್ವಿ."

ಒಂಬತ್ತು ಮನೆಯ ಬಾಗಿಲನ್ನೂ ತಟ್ಟಿದಳು. ಅಟ್ಟ ಇದ್ದವರ ಅಟ್ಟ ಹುಡುಕಿಸಿದಳು. ಕೊನೆಯ ಮನೆಯ ಪಕ್ಕದ ಚರಂಡಿಯ ಮೇಲೆ ಒಂದು ಅವರೆ ಬಳ್ಳಿ ಕಂಡಿತು. ಈಶ್ವರಮ್ಮ ಓಡಿದಳು. ಐವತ್ತೆಂಟು ವರ್ಷದ ಹೆಂಗಸು, ಊತ ಬಂದ ಕಾಲು, ಸೀರೆ ಎತ್ತಿ ಹಿಡಿದು ಓಡಿದಳು. ಕಡ್ಡಿ ಮುಟ್ಟಿ ನೋಡಿದಳು, ಎಲೆಯ ನರ ನೋಡಿದಳು, ಬಿಟ್ಟಿದ್ದ ಒಂದೆರಡು ಹೂ ನೋಡಿದಳು. ಬಿಳಿ ಹೂ. ಅಂಗಡಿಯ ಬೀಜದ ಬಳ್ಳಿ.

ಚರಂಡಿಯ ಕಟ್ಟೆಯ ಮೇಲೆ ಕೂತು ಅತ್ತಳು. ಪಿಳ್ಳಣ್ಣ ಸತ್ತಾಗ ಹಾಗೆ ಅತ್ತಿರಲಿಲ್ಲ. ಅವ್ವ ಸತ್ತಾಗಲೂ ಅತ್ತಿರಲಿಲ್ಲ, ಅವ್ವ ಕೊಟ್ಟ ಬೀಜದ ಬುರುಡೆ ಮನೆಯಲ್ಲಿತ್ತು. "ನಾನೇ ಕೊಂದೆ ಕಣೆ. ಪೂರ್ತಿ ಸುರಿದು ಕೊಟ್ಟೆ," ಎಂದಳು. ಲತಾಮಣಿ ಪಕ್ಕ ಕೂತು ಅವಳ ಬೆನ್ನು ಸವರಿದಳು. ನಾನು ಹೇಳಿರಲಿಲ್ಲವಾ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ, ಅದೊಂದು ಪುಣ್ಯ.

ಈಶ್ವರಮ್ಮ ಬಿಟಿಎಂ ಲೇಔಟಿನ ಒಂದು ಪಿಜಿಯಲ್ಲಿ ತರಕಾರಿ ಹೆಚ್ಚುವ ಕೆಲಸಕ್ಕೆ ಸೇರಿದಳು. ದಿನಕ್ಕೆ ನೂರಿಪ್ಪತ್ತು ಜನರ ಅಡುಗೆ. ಬೆರಳ ಸಂದಿಯಲ್ಲಿ ಕೊಯ್ದ ಗಾಯ, ಈರುಳ್ಳಿಯ ಉರಿ. ಚಳಿಗಾಲದಲ್ಲಿ ಮೂಟೆಗಟ್ಟಲೆ ಅವರೆ ಬಂತು. ಒಂದೊಂದನ್ನೂ ಸುಲಿಯುತ್ತ ಅಂಚು ನೋಡುತ್ತಿದ್ದಳು. ಸಂಕ್ರಾಂತಿ ಬಂದು ಹೋಯಿತು. ತಾರಸಿಯ ಪೇಂಟ್ ಡಬ್ಬಗಳಲ್ಲಿ ಹುಲ್ಲು ಬೆಳೆಯಿತು.

ಜೂನ್ ತಿಂಗಳು ಮತ್ತೆ ಬಂತು. ಜಯನಗರದ ಅದೇ ಪಾರ್ಕಿನಲ್ಲಿ ಬೀಜ ಸಂತೆ. ಮರದ ನೆರಳಿನಲ್ಲಿ ಉದ್ದಕ್ಕೆ ಮೇಜು ಹಾಕಿದ್ದರು. ಮೇಜಿನ ಮೇಲೆ ಗಾಜಿನ ಬಾಟಲಿ, ಹೆಸರು ಬರೆದ ಪೊಟ್ಟಣ, ತೆಂಗಿನ ಚಿಪ್ಪುಗಳಲ್ಲಿ ಬಣ್ಣಬಣ್ಣದ ಬೀಜ. ಈಶ್ವರಮ್ಮ ಪಿಜಿಗೆ ರಜೆ ಹೇಳಿ, ಒಗೆದ ಸೀರೆ ಉಟ್ಟು ಬಂದಳು. ಕಂಕುಳಲ್ಲಿ ಒಂದು ಮೊರ ಇತ್ತು. ಸಾಲಿನ ನಡುವೆ, ಎರಡು ಮೇಜುಗಳ ಸಂದಿಯಲ್ಲಿ, ನೆಲದ ಮೇಲೆ ಕೂತು ಮೊರವನ್ನು ಮುಂದಿಟ್ಟುಕೊಂಡಳು.

ಮೊರ ಖಾಲಿ.

ಸರ್ವಮಂಗಳಾ ಬಂದಳು. "ಅಮ್ಮಾ, ಇದು ಬೀಜ ತಂದಿರೋರಿಗೆ ಜಾಗ. ನೀವು ಏನೂ ತಂದಿಲ್ಲ."

"ತಂದಿದ್ದೆ, ಹೋದ ವರ್ಷ."

"ಓ, ನೀವಾ? ಆಯ್ತು, ಆ ಕಡೆ ಬೆಂಚಿದೆ, ಅಲ್ಲಿ ಕೂತ್ಕೊಳ್ಳಿ. ಯಾರಾದ್ರೂ ಮಿಕ್ಕಿದ್ದು ಕೊಡ್ತಾರೆ."

"ಮಿಕ್ಕಿದ್ದು ಬೇಡ. ಇಲ್ಲೇ ಕೂತ್ಕೋತೀನಿ."

ಪಾರ್ಕಿಗೆ ಬಂದವರು ಒಬ್ಬೊಬ್ಬರೇ ಬಗ್ಗಿ ನೋಡಿ, "ಏನು ಬೀಜ ಆಂಟಿ?" ಎಂದು ಕೇಳಿದರು.

"ಕೆಂಪಂಚಿನ ಚಪ್ಪರದವರೆ. ನಮ್ಮವ್ವ ಚೌಡಮ್ಮಂದು."

"ಎಲ್ಲಿದೆ?"

"ಇಲ್ಲ. ಹೊಲೇರ ಕೈದು ಅಂತ ಕುದಿಯೋ ನೀರು ಸುರಿದು ತೊಳೆದ್ರು. ಸತ್ತೋಯ್ತು."

ಕೇಳಿದವರು ಅವಳ ಮುಖ ನೋಡಿ, ಮೊರ ನೋಡಿ ಮುಂದಿನ ಮೇಜಿಗೆ ಹೋದರು. ಮುಂದಿನವರು ಬಂದು ಅದನ್ನೇ ಕೇಳಿದರು. ಅವಳು ಅದನ್ನೇ ಹೇಳಿದಳು. ದನಿ ಏರಿಸಲಿಲ್ಲ, ತಗ್ಗಿಸಲೂ ಇಲ್ಲ. ಹತ್ತು ಗಂಟೆಗೆ ಶುರುವಾಗಿದ್ದು ಹನ್ನೊಂದಾಯಿತು, ಹನ್ನೆರಡಾಯಿತು. ಎಷ್ಟು ಜನ ಕೇಳಿದರೋ ಅಷ್ಟು ಸಲ. ಸರ್ವಮಂಗಳಾ ಪಕ್ಕದ ಮೇಜಿನ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ ಬಂದು ಮೊಣಕಾಲೂರಿ ಕೂತಳು.

"ಈಶ್ವರಮ್ಮ, ನಮಗೆ ಇದು ಗೊತ್ತಿರ್ಲಿಲ್ಲ."

"ಗೊತ್ತಿಲ್ದೆ ಮೈಕಲ್ಲಿ ಹೇಳಿದ್ರಿ."

ಸರ್ವಮಂಗಳಾ ಎದ್ದು ಹೋದಳು. ಮೈಕು ಅಲ್ಲೇ ಇತ್ತು, ಅದನ್ನು ಎತ್ತಿಕೊಳ್ಳಲಿಲ್ಲ. ಯಾರೋ ಕಾಲೇಜು ಹುಡುಗಿಯೊಬ್ಬಳು ಕಣ್ಣೊರೆಸಿಕೊಂಡು ತನ್ನ ಬಳಿಯಿದ್ದ ಒಂದು ಹಿಡಿ ಅವರೆಯನ್ನು ಮೊರಕ್ಕೆ ಸುರಿದಳು. ಈಶ್ವರಮ್ಮ ಅದನ್ನು ಒಂದೂ ಬಿಡದಂತೆ ಆರಿಸಿ ಅವಳ ಕೈಗೇ ವಾಪಸ್ ಕೊಟ್ಟಳು. "ಚೆನ್ನಾಗಿದೆ ಕಣಮ್ಮ, ನೆರಳಲ್ಲಿ ಇಟ್ಕೋ. ಆದ್ರೆ ಇದು ನಂದಲ್ಲ."

ಅಷ್ಟರಲ್ಲಿ ಅರ್ಪಿತ ಓಡುತ್ತ ಬಂದಳು. ಯಾರೋ ಫೋನು ಮಾಡಿದ್ದರು. ಬೆವರುತ್ತಿದ್ದಳು. ಸುತ್ತ ನೋಡಿ ಬಗ್ಗಿ ಪಿಸುಗುಟ್ಟಿದಳು.

"ಈಶ್ವರಮ್ಮ, ಪ್ಲೀಸ್, ಎದ್ದೇಳಿ. ಎಲ್ರೂ ನೋಡ್ತಿದಾರೆ. ಅತ್ತೆಗೆ ಈಗ ಹಾಸಿಗೆ ಬಿಟ್ಟು ಏಳೋಕಾಗಲ್ಲ. ನಿಮಗೇನು ಬೇಕು ಹೇಳಿ, ಕೊಡ್ತೀನಿ. ಏನು ಬೇಕಾದ್ರೂ ಕೊಡ್ತೀನಿ."

"ಕೊಡಿ," ಎಂದಳು ಈಶ್ವರಮ್ಮ. ಮೊರವನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಮುಂದೆ ಹಿಡಿದಳು. "ನಾನು ಕೊಟ್ಟ ಬೀಜ ಕೊಡಿ. ಜಾಸ್ತಿ ಬೇಡ, ಒಂದು ಕಾಳು. ಹುಟ್ಟೋ ಅಂಥದ್ದು ಒಂದೇ ಒಂದು ಕಾಳು ಇದರಲ್ಲಿ ಹಾಕಿ. ನಾನು ಎದ್ದು ಹೋಗ್ತೀನಿ."

ಅರ್ಪಿತ ನಿಂತೇ ಇದ್ದಳು. ಅವಳ ಹೆಗಲ ಚೀಲದಲ್ಲಿ ಅರವತ್ತು ಬಗೆಯ ಬೀಜದ ಪೊಟ್ಟಣಗಳಿದ್ದವು. ಕೈ ಸೋತರೂ ಈಶ್ವರಮ್ಮ ಮೊರವನ್ನು ಕೆಳಗಿಳಿಸಲಿಲ್ಲ. ಒಂದು ಗಂಟೆಗೆ ಸಂತೆ ಮುಗಿದು ಮೇಜುಗಳನ್ನು ಮಡಿಸಿದರು. ಈಶ್ವರಮ್ಮ ಏಳಲಿಲ್ಲ.